ತೆರೆಯ ಸಾಂಗ್ಲಿಯಾನ, ಕುರ್ಚಿಯ ಕಮಿಷನರ್

ಪೊಲೀಸ್ ಅಧಿಕಾರಿ ಎಂದೊಡನೆ ನಮ್ಮ ಮಂಡ್ಯ ಸೀಮೆಯವರ ಕಣ್ಣಿಗೆ ಕಟ್ಟುವುದು ಸಿನಿಮಾ. 1981ರ ‘ಅಂತ’ದ ಇನ್‌ಸ್ಪೆಕ್ಟರ್ ನಮ್ಮ ದೊಡ್ಡರಸಿನಕೆರೆಯ ಅಂಬರೀಶ್, 1988ರ ‘ಸಾಂಗ್ಲಿಯಾನ’ದಲ್ಲಿ ಶಂಕರ್‌ನಾಗ್. ಆ ಎರಡನೆಯ ಹೆಸರು ಮಾತ್ರ ಕಲ್ಪನೆಯದಲ್ಲ. ಮಿಜೋರಾಂನವರಾದ ಎಚ್.ಟಿ. ಸಾಂಗ್ಲಿಯಾನ ಆಗಿನ್ನೂ ಖಾಕಿಯಲ್ಲೇ ಇದ್ದರು. ಮುಂದೆ ಬೆಂಗಳೂರಿನ ಪೊಲೀಸ್ ಕಮಿಷನರ್ ಆದರು. ನಿವೃತ್ತರಾದ ಮೇಲೆ 2004ರಲ್ಲಿ ಬೆಂಗಳೂರು ಉತ್ತರದಲ್ಲಿ ಜಾಫರ್ ಷರೀಫರಂಥ ಹಳೆಯ ಹುಲಿಯನ್ನೇ ಸೋಲಿಸಿ ಲೋಕಸಭೆಗೆ ಹೋದರು. ಜನ ಅವರನ್ನು ಮೆಚ್ಚಿದ್ದು ಸುಳ್ಳಲ್ಲ. ಆದರೆ ಆ ಮೆಚ್ಚುಗೆಯ ಮಾನದಂಡದಿಂದ ಕಮಿಷನರ್ ಹುದ್ದೆಯನ್ನು ಅಳೆಯಹೊರಟರೆ ಎಡವುತ್ತೇವೆ. ಆ ಹುದ್ದೆಯ ಬಲ ಎದೆಗಾರಿಕೆಯಲ್ಲಿಲ್ಲ, ಸಹಿಯಲ್ಲಿದೆ.

ಕಾವೇರಿ ನೀರಿಗಾಗಿ ಮಂಡ್ಯದ ಸಂಜಯ ವೃತ್ತದಲ್ಲಿ ರಸ್ತೆತಡೆ ನಡೆದಾಗ ಏನಾಗುತ್ತದೆ, ನೀವೇ ಕಂಡಿದ್ದೀರಿ. ನಿಷೇಧಾಜ್ಞೆಗೆ ಸಹಿ ಹಾಕುವವರು ಡಿಸಿ, ತಾಲ್ಲೂಕಿನಲ್ಲಾದರೆ ತಹಶೀಲ್ದಾರರು. ಲಾಠಿ ಹಿಡಿದು ಬಿಸಿಲಲ್ಲಿ ನಿಲ್ಲುವುದು ಎಸ್ಪಿಯ ಪಡೆ. ಬೆಂಗಳೂರಿನಲ್ಲಿ ಆಜ್ಞೆಯೂ ಲಾಠಿಯೂ ಕಮಿಷನರ್ ಒಬ್ಬರ ಕೈಯಲ್ಲೇ. ಹಾಗಿದ್ದೂ 2016ರ ಸೆಪ್ಟೆಂಬರ್ 12ರಂದು, ಸುಪ್ರೀಂ ಕೋರ್ಟ್ ತಮಿಳುನಾಡಿಗೆ ದಿನವೂ 12,000 ಕ್ಯೂಸೆಕ್ ಬಿಡಲು ಹೇಳಿದ ದಿನ, ನಗರ ಹೊತ್ತಿ ಉರಿಯಿತು. ಡಿಪೋದಲ್ಲಿ ಸಾಲಾಗಿ ನಿಂತಿದ್ದ ಬಸ್ಸುಗಳು ನಿಂತಲ್ಲೇ ಕರಕಲಾದವು, ಹೆಗ್ಗನಹಳ್ಳಿಯ ಗೋಲಿಬಾರಿನಲ್ಲಿ ಒಂದು ಜೀವ ಹೋಯಿತು, 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಅಧಿಕಾರಕ್ಕೇನೂ ಕೊರತೆ ಇರಲಿಲ್ಲ. ಬೆಂಕಿಗಿಂತ ಮುಂಚೆ ಬರಬೇಕಾದ ಸಹಿ ಬೆಂಕಿಯ ಹಿಂದೆ ಓಡಿದರೆ ಅದರಿಂದ ಪ್ರಯೋಜನವೇನು? ಮುಂಚೆ ಬರಬೇಕೆಂದರೆ ಯಾವ ಠಾಣೆಯ ಯಾವ ಗಲ್ಲಿಯಲ್ಲಿ ಏನು ಕುದಿಯುತ್ತಿದೆ ಎಂಬುದು ತಿಳಿದಿರಬೇಕು. ಅದು ತಿಳಿಯಲು ಕುರ್ಚಿಯಲ್ಲಿ ಕೂರುವಷ್ಟು ಕಾಲ ಬೇಕು.

ಧೈರ್ಯವಿಲ್ಲದವನ ಕೈಗೆ ಕಾನೂನು ಕೊಟ್ಟರೆ ಅದು ಬರೀ ಕಾಗದವಲ್ಲವೇ ಎಂದು ನೀವು ಕೇಳಬಹುದು. ನಿಜ, ಒಪ್ಪುತ್ತೇನೆ. ಆದರೆ ಒಬ್ಬರ ಧೈರ್ಯ ಅವರ ವರ್ಗಾವಣೆಯ ಆದೇಶದೊಂದಿಗೇ ಗಂಟುಮೂಟೆ ಕಟ್ಟುತ್ತದೆ. ಅದಕ್ಕೇ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು ಜಿಲ್ಲಾ ಎಸ್ಪಿಯಂಥವರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಲಿ ಎಂದದ್ದು. ನಾವೋ, ಗೆದ್ದರೆ ಜೈಕಾರ, ಕೆಟ್ಟರೆ ತಲೆದಂಡ ಎಂಬಲ್ಲೇ ನಿಂತಿದ್ದೇವೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ಕಮಿಷನರ್ ಬಿ. ದಯಾನಂದರನ್ನು ಅಮಾನತಿನಲ್ಲಿಟ್ಟರು. ಎರಡು ತಿಂಗಳು ತುಂಬುವುದರೊಳಗೆ ಆ ಅಮಾನತು ರದ್ದಾಯಿತು.