'ಸೌತ್ ಇಂಡಿಯನ್' ಅನ್ನೋ ವೇಷ: ಪುಷ್ಪಮಾಲಾ ಎನ್. ಅವರ ಫೋಟೊಗಳನ್ನು ನೋಡುತ್ತಾ



ಮುಂಬೈ, ಪುಣೆ, ದೆಹಲಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಮಗೆಲ್ಲ ಒಂದು ಹೊಸ ಹೆಸರು ಸಿಗುತ್ತೆ: 'ಸೌತ್ ಇಂಡಿಯನ್'. ಬೀದರ್‌ನವರಾಗಲಿ, ಪುತ್ತೂರಿನವರಾಗಲಿ, ಕೋಲಾರದವರಾಗಲಿ, ಎಲ್ಲರಿಗೂ ಅದೇ ಹೆಸರು. ಊರಲ್ಲಿದ್ದಾಗ ನಾವ್ಯಾರೂ ನಮ್ಮನ್ನು ಹಾಗೆ ಕರೆದುಕೊಂಡವರಲ್ಲ. ಇಂಥ ಹೆಸರುಗಳು ಹೇಗೆ ತಯಾರಾಗುತ್ತವೆ ಅಂತ ಬಿಚ್ಚಿ ತೋರಿಸಿದ ಕಲಾವಿದೆಯೊಬ್ಬರ ಬಗ್ಗೆ ಇವತ್ತು ಮಾತಾಡ್ತೀನಿ. ಅವರು ಬೆಂಗಳೂರಿನ ಪುಷ್ಪಮಾಲಾ ಎನ್.

1956ರಲ್ಲಿ ಹುಟ್ಟಿದ ಅವರು ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದ ಮಧ್ಯದಲ್ಲಿ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಲ್ಲೋಕೆ ಶುರು ಮಾಡಿದರು. ಮುಂಬೈ ಕನ್ನಡಿಗರು ಮೊದಲು ನೋಡಬೇಕಾದ್ದು 'ಫ್ಯಾಂಟಮ್ ಲೇಡಿ' (1996–98). 1935ರ 'ಹಂಟರ್‌ವಾಲಿ'ಯ ನಾಡಿಯಾರನ್ನು ನೆನಪಿಸೋ ಮುಖವಾಡದ ಹೆಣ್ಣೊಬ್ಬಳು ಮುಂಬೈಯಲ್ಲಿ ಸಾಹಸ ಮಾಡ್ತಾಳೆ. ಹಳೇ ಸಿನಿಮಾದ ಸ್ಟಿಲ್‌ಗಳ ಥರದ ಕಪ್ಪು-ಬಿಳುಪು ಫೋಟೊಗಳು.

ಆದರೆ ನನಗೆ ಮುಖ್ಯ ಅನ್ನಿಸೋದು ಅದರ ನಂತರದ್ದು: 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್'. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ್ದು. ಹೆಸರು ಕೇಳಿದ್ರೇ ಬ್ರಿಟಿಷರ ಕಾಲದ ದಪ್ಪ ಪುಸ್ತಕ ನೆನಪಾಗುತ್ತೆ. ಅದು ಬೇಕಂತಲೇ ಇಟ್ಟ ಹೆಸರು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ 8 ಸಂಪುಟಗಳು ಬಂದವು: ಒಂದು ಫೋಟೊ, ಜೊತೆಗೆ ಆ ಜಾತಿ-ಪಂಗಡದ ವರ್ಣನೆ. ಅದೇ ಕಾಲಕ್ಕೆ ಜನರನ್ನು ಚೌಕಳಿ ಹಿನ್ನೆಲೆಯ ಮುಂದೆ ನಿಲ್ಲಿಸಿ, ಮೈಯ ಅಳತೆ ಸಿಗೋ ಹಾಗೆ ಫೋಟೊ ತೆಗೆಯೋ ಪದ್ಧತಿಯೂ ಬಂತು.

ಪುಷ್ಪಮಾಲಾ ನೀಲಗಿರಿಯ ತೋಡ ಹೆಂಗಸಿನ ಉಡುಪಿನಲ್ಲಿ ಅದೇ ಥರದ ಅಳತೆಯ ಫೋಟೊಗೆ ತಾವೇ ನಿಲ್ತಾರೆ. ಇನ್ನೊಂದರಲ್ಲಿ ನಮ್ಮ ದೇವರ ಮನೆಯ ರವಿವರ್ಮನ ಲಕ್ಷ್ಮಿ. ಮತ್ತೊಂದರಲ್ಲಿ ವೇಳಾಂಕಣ್ಣಿ ಮಾತೆ. ಮಗದೊಂದರಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದು ಪತ್ರಿಕೆಯಲ್ಲಿ ಫೋಟೊ ಬಂದ ಹೆಂಗಸು. ಎಲ್ಲಾ ಕಡೆ ಅದೇ ಮುಖ. ಬದಲಾಗೋದು ಸೀರೆ, ಪರದೆ, ಬೆಳಕು. ಅಷ್ಟಕ್ಕೇ ನಮ್ಮ ಕಣ್ಣು ಒಬ್ಬಳಿಗೆ ಕೈ ಮುಗಿಯುತ್ತೆ, ಇನ್ನೊಬ್ಬಳನ್ನು ಅಳೆಯುತ್ತೆ, ಮತ್ತೊಬ್ಬಳನ್ನು ಕಳ್ಳಿ ಅನ್ನುತ್ತೆ. ಇದರಲ್ಲಿ ತೆರೆಯ ಹಿಂದಿನ ಫೋಟೊಗಳೂ ಸೇರಿವೆ. ಲಕ್ಷ್ಮಿ ಸ್ಟುಡಿಯೋದಲ್ಲಿ ಹೇಗೆ ತಯಾರಾದಳು ಅನ್ನೋದನ್ನೂ ಅವರು ಮುಚ್ಚಿಡಲ್ಲ.

ಒಂದು ವಿಷಯ ಗಮನಿಸಿ. "ಇವೆಲ್ಲ ಸುಳ್ಳು, ನಿಜವಾದ ದಕ್ಷಿಣದ ಹೆಣ್ಣು ಇವಳು" ಅಂತ ಅವರು ಬೇರೆ ಯಾರನ್ನೂ ತಂದು ನಿಲ್ಲಿಸಲ್ಲ. ನಾವು ಮಾಡೋದು ಅದನ್ನೇ. 'ಮದ್ರಾಸಿ' ಅಂದವರಿಗೆ ಉತ್ತರವಾಗಿ ಮೈಸೂರು ಪೇಟ, ಯಕ್ಷಗಾನದ ಕಿರೀಟ, ಬಿಸಿಬೇಳೆ ಬಾತ್ ಮುಂದಿಡ್ತೀವಿ. ಅದೂ ಒಂದು ಪರದೆಯೇ. ಆ ಪರದೆಯಲ್ಲಿ ಕಲಬುರಗಿಯ ದಖನಿ ಉರ್ದು ಮಾತಾಡೋ ಕನ್ನಡ ನಾಡಿನವರು ಎಲ್ಲಿ? ತುಳು, ಕೊಂಕಣಿ, ಕೊಡವ ಮನೆಮಾತಿನವರು ಎಲ್ಲಿ?

ಪುಷ್ಪಮಾಲಾ ಅವರ ಕೃತಿಗೂ ಒಂದು ಪ್ರಶ್ನೆ ಕೇಳಲೇಬೇಕು. ತೋಡರು ಇವತ್ತೂ ನೀಲಗಿರಿಯಲ್ಲಿ ಬದುಕ್ತಿರೋ ಜನ. ನಗರದ ಕಲಾವಿದೆ ಅವರ ಉಡುಪು ತೊಟ್ಟರೆ, ಅವರ ಮಾತು ಮತ್ತೆ ಹೊರಗೇ ಉಳೀತಲ್ವಾ? ಅಳತೆಪಟ್ಟಿಯ ಮುಂದೆ ಮತ್ತೊಬ್ಬ ತೋಡ ಹೆಂಗಸನ್ನು ನಿಲ್ಲಿಸದೆ ತಾವೇ ನಿಂತರು ಅನ್ನೋದು ಒಂದು ಉತ್ತರ. ಅದನ್ನು ಒಪ್ತೀನಿ. ಆದರೂ ನನ್ನ ಪ್ರಶ್ನೆ ಪೂರ್ತಿ ಹೋಗಲ್ಲ. ಯಾಕಂದ್ರೆ ಆಫೀಸಿನ ಎಥ್ನಿಕ್ ಡೇಗೆ ಬಾಡಿಗೆಗೆ ತಂದ ಲಂಬಾಣಿ ಉಡುಪು ಹಾಕಿ ಸೆಲ್ಫಿ ತೆಗೆಯೋ ನಾವು, ಅದೇ ನಗರದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಬಂದ ಲಂಬಾಣಿ ಹೆಂಗಸನ್ನು ಮಾತಾಡಿಸೋದೂ ಇಲ್ಲ.

2014ರಲ್ಲಿ ಅವರು ದಿಕ್ಕು ಬದಲಿಸಿದರು. ಪೋರ್ಚುಗೀಸ್ ಚಿತ್ರಕಾರ ವೆಲೋಸೊ ಸಲ್ಗಾಡೊ 1898ರಲ್ಲಿ ಬಿಡಿಸಿದ ಚಿತ್ರದಲ್ಲಿ ವಾಸ್ಕೊ ಡ ಗಾಮ ಕ್ಯಾಲಿಕಟ್‌ನ ಸಾಮೂದಿರಿಯ ಮುಂದೆ ನಿಂತಿದ್ದಾನೆ. ಅದನ್ನು ಫೋಟೊದಲ್ಲಿ ಮತ್ತೆ ಕಟ್ಟಿ, ಗಾಮನ ವೇಷ ತಾವೇ ಹಾಕಿದರು. ಕೊಚ್ಚಿ ಬಿಯೆನಾಲೆಯಲ್ಲಿ ಜನ ಅದನ್ನು ನೋಡಿದರು. ಗೆದ್ದವನ ಗತ್ತೂ ಒಂದು ವೇಷವೇ ಅಂತ ಆಗ ಗೊತ್ತಾಗುತ್ತೆ.

ರಾಜ್ಯೋತ್ಸವಕ್ಕೆ ಸಂಘದ ವೇದಿಕೆ ಕಟ್ಟುವಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಈ ಪರದೆ ಯಾರು ಬರೆದದ್ದು? ಹೀಗೇ ನಿಲ್ಲಬೇಕು ಅಂತ ಹೇಳಿದವರು ಯಾರು? ಫೋಟೊದಲ್ಲಿ ಯಾರು ಇಲ್ಲ? ಮೂರನೆಯದಕ್ಕೆ ಉತ್ತರ ಸಿಕ್ಕರೆ, ಅವರಿಗೆ ಒಂದು ಫೋನ್ ಮಾಡಿ. ವೇಷಕ್ಕೆ ಬೇಡ, ಮಾತಾಡೋಕೆ ಕರೆಯಿರಿ.