ಕರೆಯದೆ ಬಂದ ಹವಳ



ಫ್ಲಾರಿಡಾದಲ್ಲಿ ಏನು ಮಾಡುತ್ತೀಯ ಎಂದು ಬೆಳಿಗ್ಗೆಯಿಂದ ಎಲ್ಲರೂ ಕೇಳುತ್ತಿದ್ದೀರಿ. ಕಂಪ್ಯೂಟರ್ ಕೆಲಸದ ವಿಷಯ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಅದಕ್ಕೇ ನನ್ನ ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯ ಕಥೆ ಹೇಳುತ್ತೇನೆ.

ಅಂಥ ತೊಟ್ಟಿಗೆ ಮೀನಿಗಿಂತ ಮೊದಲು ಕಲ್ಲು ಬೇಕು. ಅಲ್ಲಿ ಕಡಲ ತಳದ ಸಹಜ ಕಲ್ಲನ್ನು ಮಾರಾಟಕ್ಕೆ ಎತ್ತುವಂತಿಲ್ಲ. ಗಣಿಯ ಸುಣ್ಣಕಲ್ಲನ್ನು ಗುತ್ತಿಗೆಯ ಜಾಗದಲ್ಲಿ ಮುಳುಗಿಸಿ, ವರ್ಷಗಟ್ಟಲೆ ಬಿಟ್ಟು, ಜೀವ ಹತ್ತಿದ ಮೇಲೆ ತೆಗೆದು ತೂಕಕ್ಕೆ ಮಾರುತ್ತಾರೆ. ದುಡ್ಡು ಕೊಟ್ಟು ಕಲ್ಲು ತಂದೆ ಅಂದಾಗ ನಮ್ಮವ್ವ ಫೋನಿನಲ್ಲೇ ನಕ್ಕಳು. ಆ ಕಲ್ಲಿನ ಸಂದಿಯಲ್ಲಿ ಸ್ಪಂಜು, ಹುಳು, ಏಡಿಮರಿ, ಒಮ್ಮೊಮ್ಮೆ ಹವಳ ಕೂಡ ಕೇಳದೆ ಮನೆಗೆ ಬಂದುಬಿಡುತ್ತವೆ.

ಒಂದು ರಾತ್ರಿ ಕಲ್ಲಿನ ಅಡಿಯಲ್ಲಿ ಎರಡು ಕಂದು ಜೀವಿಗಳು ಗಾಜಿನಂಥ ಕರಬಳ್ಳಿ ಚಾಚಿ ಕೂತಿದ್ದವು. ನೋಡಿದ ಕೂಡಲೇ ಐಪ್ಟೇಷಿಯಾ ಅಂದುಕೊಂಡೆ. ಅದು ಒಂದು ಜಾತಿಯ ಕಡಲ ಹೂವು, ನಮ್ಮ ಹೊಲಕ್ಕೆ ಪಾರ್ಥೇನಿಯಂ ಹೇಗೋ ತೊಟ್ಟಿಗೆ ಅದು ಹಾಗೆ. ಕಿತ್ತರೆ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಅದಕ್ಕೆ ಮದ್ದು ಏನು ಗೊತ್ತೇ? ಸುಣ್ಣ! ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಬಾಯಿಗೆ ಬಿಡುವುದು. ಮೊದಲನೆಯದಕ್ಕೆ ಬಿಟ್ಟೆ. ಸಿರಿಂಜು ಖಾಲಿಯಾಗಿದ್ದರಿಂದ ಇನ್ನೊಂದು ಉಳಿಯಿತು.

ಎರಡು ಮೂರು ದಿನಕ್ಕೆ ಮಾಂಸ ಕರಗಿತು. ಆದರೆ ಅಲ್ಲಿ ಕಡಲೆಕಾಳಿನ ಅಗಲದ ಬಿಳಿ ಬಟ್ಟಲೊಂದು ಉಳಿದಿತ್ತು. ಒಳಗೆ ಬಂಡಿಚಕ್ರದ ಅರೆಗಳ ಹಾಗೆ ಅಂಚಿನಿಂದ ನಡುವಿಗೆ ತೆಳು ಗೋಡೆಗಳು. ಕಡಲ ಹೂವಿಗೆ ಮೂಳೆಯಿಲ್ಲ, ಸತ್ತರೆ ಏನೂ ಉಳಿಯುವುದಿಲ್ಲ. ನಾನು ಕೊಂದದ್ದು ಹವಳ.

ನಮ್ಮ ವಿಜ್ಞಾನದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಒಂಬತ್ತನೇ ಕ್ಲಾಸಿನಲ್ಲಿ ಅವರು ಕೆರೆಯ ಜೊಂಡನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದು ಕಿಟಕಿಯಲ್ಲಿಟ್ಟು, ಭೂತಕನ್ನಡಿಯಲ್ಲಿ ಹೈಡ್ರಾ ತೋರಿಸಿದ್ದರು. ಹವಳಕ್ಕೆ ಅದು ದಾಯಾದಿ. ನಾನು ಪುಸ್ತಕದ ಚಿತ್ರ ನೋಡಿ ಆರು ಕರಬಳ್ಳಿ ಬರೆದಿದ್ದೆ. ಬಾಟಲಿಯಲ್ಲಿದ್ದದ್ದಕ್ಕೆ ಐದೇ ಇದ್ದವು. "ಕಂಡದ್ದು ಬರಿಯೋ, ಹೆಸರು ಆಮೇಲೆ" ಎಂದು ಪಟ್ಟಿಗೆ ಸೊನ್ನೆ ಹಾಕಿದರು. ಸಾರ್, ಇಷ್ಟು ವರ್ಷದ ಮೇಲೂ ಅದೇ ತಪ್ಪು ಮಾಡಿದೆ.

ಉಳಿದದ್ದನ್ನು ಸರಿಯಾಗಿ ನೋಡಿದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ರಾತ್ರಿ ಹೊತ್ತು ಕೂತೆ, ಬಿಳಿ ಬೆಳಕು ಬಿಟ್ಟರೆ ಮುದುಡುತ್ತದೆ. ಕರಬಳ್ಳಿಯ ತುಂಬ ಬಿಳಿ ಚುಕ್ಕೆಗಳು. ಮುಟ್ಟಿದರೆ ಐಪ್ಟೇಷಿಯಾದಂತೆ ಬಿಲದೊಳಗೆ ಮಾಯವಾಗಲಿಲ್ಲ, ಬಟ್ಟಲಿನ ಏಣುಗಳ ಮೇಲೆ ಅಂಟಿಕೊಂಡಿತು. ಕಲ್ಲುಹವಳದ ಆ ಏಣುಗಳು ಸಾಮಾನ್ಯವಾಗಿ ಆರರ ಲೆಕ್ಕದಲ್ಲಿರುತ್ತವೆ. (ನಮ್ಮ ಹೆಂಗಸರ ಸರದ ಕೆಂಪು ಹವಳ ಬೇರೆ ವಂಶದ್ದು, ಅದಕ್ಕೆ ಎಂಟು ಕರಬಳ್ಳಿ.) ಇಷ್ಟೆಲ್ಲ ಬರೆದುಕೊಂಡ ಮೇಲೆ ಹೆಸರು ಹುಡುಕಿದೆ. ಫಿಲ್ಯಾಂಜಿಯಾ ಅಮೆರಿಕಾನ, ಕತ್ತಲ ಸಂದಿಯಲ್ಲಿ ಬೆಳೆಯುವ ಬಟ್ಟಲು ಹವಳ. ಇದಕ್ಕೆ ಬೆಳಕಿಗಿಂತ ಊಟ ಮುಖ್ಯ. ವಾರಕ್ಕೆರಡು ಸಲ ಸಿಗಡಿಯ ಚೂರು ಕೊಡುತ್ತೇನೆ. ಈಗ ಬುಡದಲ್ಲಿ ಮೂರು ಮರಿ ಬಟ್ಟಲು ಒಡೆದಿವೆ. ಪಕ್ಕದಲ್ಲೇ ಆ ಖಾಲಿ ಬಟ್ಟಲು ಹಾಗೇ ಇದೆ, ತೆಗೆದಿಲ್ಲ.

ಹವಳವನ್ನು ಗಡಿ ದಾಟಿಸಲು ಕಾನೂನು ಸುಮ್ಮನೆ ಬಿಡುವುದಿಲ್ಲ, ಹಾಗಾಗಿ ಫೋಟೊ ತಂದಿದ್ದೇನೆ. ಪ್ರಯೋಗಶಾಲೆಗೆ ಹತ್ತು ಭೂತಕನ್ನಡಿಗಳೂ ಇವೆ. ಊಟವಾದ ಮೇಲೆ ಮೇಷ್ಟ್ರು ಕೆರೆಯ ಕಡೆ ಬರುತ್ತೇನೆ ಅಂದಿದ್ದಾರೆ. ಬರುವ ಮಕ್ಕಳು ಬಾಟಲಿ ಹಿಡಿದುಕೊಂಡು ಬನ್ನಿ.