ಸೇವೆ ಮುಗಿಸಿ ಬಂದ ಸೈನಿಕರಿಗೆ ನಮ್ಮ ಕರ್ತವ್ಯ

(ವನಗೂರಿನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಅದರಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಅವರ ಹೆಸರು ನಿಮಗೆಲ್ಲ ಗೊತ್ತು. ಆ ಹತ್ತು ಮಂದಿಯಲ್ಲಿ ನಮ್ಮ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶ್ ಅವರಿದ್ದರು. ಆಂಧ್ರದ ಕರ್ನೂಲು ಜಿಲ್ಲೆಯ ಸಿಪಾಯಿ ಮುಸ್ತಾಕ್ ಅಹಮದ್ ಅವರೂ ಇದ್ದರು. ಹತ್ತೂ ಜನ ಹುತಾತ್ಮರಾದರು.

ಹುತಾತ್ಮರಿಗೆ ನಾವು ತಲೆಬಾಗುತ್ತೇವೆ. ಆದರೆ ಬದುಕಿ ಊರಿಗೆ ಮರಳಿದವರ ಗತಿಯೇನು? ಹದಿನೆಂಟರಲ್ಲಿ ಸೇನೆ ಸೇರಿದ ಸಿಪಾಯಿಗೆ ಪಿಂಚಣಿ ಬರಲು ಕನಿಷ್ಠ 15 ವರ್ಷ ಸೇವೆ ಬೇಕು. ನಲವತ್ತರ ಒಳಗೇ ಮನೆಗೆ ಬಂದವರು ಅನೇಕರು. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿಗೆ ವಯಸ್ಸಾಗಿರುತ್ತದೆ. ಅವರಿಗೆ ಹಾರಕ್ಕಿಂತ ಕೆಲಸ ಬೇಕು.

ಸೌಲಭ್ಯಗಳು ಇಲ್ಲವೆಂದಲ್ಲ. ಮಾಜಿ ಸೈನಿಕರ ಚಿಕಿತ್ಸೆಗಾಗಿ ಇಸಿಎಚ್‌ಎಸ್ ಯೋಜನೆ 2003ರಲ್ಲಿ ಆರಂಭವಾಯಿತು. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಅವರಿಗೆ ಶೇ. 10 ಮೀಸಲಾತಿ ಇದೆ. ಅಧಿಕಾರಿ ದರ್ಜೆಗಿಂತ ಕೆಳಗಿನವರ ಮಕ್ಕಳು ವೃತ್ತಿಪರ ಪದವಿ ಓದಿದರೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಿದೆ. 2019-20ರಿಂದ ತಿಂಗಳಿಗೆ ಹುಡುಗರಿಗೆ ರೂ. 2,500, ಹುಡುಗಿಯರಿಗೆ ರೂ. 3,000. ಪಿಯುಸಿಯಲ್ಲಿ ಕನಿಷ್ಠ ಶೇ. 60 ಅಂಕ ಬೇಕು. ವಿದ್ಯಾರ್ಥಿಗಳೇ, ಇದನ್ನು ಗುರುತು ಮಾಡಿಕೊಳ್ಳಿ.

ಇಷ್ಟಿದ್ದೂ ತೊಡಕು ಎಲ್ಲಿ? ಕಾಗದಪತ್ರದಲ್ಲಿ. ನಮ್ಮ ಸಮುದಾಯದಲ್ಲಿ ಇದು ಇನ್ನೂ ಹೆಚ್ಚು. ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರಿನ ಮುಂದೆ 'ಬೀಬಿ', ಆಧಾರ್‌ನಲ್ಲಿ 'ಬಾನು', ಬ್ಯಾಂಕಿನಲ್ಲಿ ಬರೀ ಹೆಸರು. ಮಹಮ್ಮದ್ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಗಂಡ ಬದುಕಿರುವಾಗ ಇದು ಸಣ್ಣ ಮಾತು. ಆತ ತೀರಿಕೊಂಡ ಮೇಲೆ ಅದೇ ವ್ಯತ್ಯಾಸ ವಿಧವೆಯ ಕುಟುಂಬ ಪಿಂಚಣಿಯನ್ನು ತಡೆದು ನಿಲ್ಲಿಸಬಹುದು. ಇದ್ದತ್‌ನಲ್ಲಿ ಕುಳಿತ ಹೆಣ್ಣುಮಗಳು ಯಾವ ಕಚೇರಿಗೆ ಅಲೆಯಬೇಕು? ಆದ್ದರಿಂದ ಹೆಸರು, ಜನ್ಮದಿನಾಂಕಗಳನ್ನು ಸೈನಿಕ ಬದುಕಿರುವಾಗಲೇ ಸರಿಪಡಿಸಬೇಕು.

ಇನ್ನೊಂದು ಸಂಗತಿ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ಅದರ ಮೂಲ ನಿಯಮದಂತೆ ಸೇವೆ ನಾಲ್ಕು ವರ್ಷ, ಶೇ. 25ರಷ್ಟು ಜನರಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಸೇವಾ ನಿಧಿಯ ಇಡಿಗಂಟು ಇದೆ, ಪಿಂಚಣಿಯಿಲ್ಲ. ಸೇನೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವವರು ಓದನ್ನು ಬಿಡಬೇಡಿ, ಹೊರಬಂದ ಮೇಲಿನ ದಾರಿಯನ್ನು ಮೊದಲೇ ಯೋಚಿಸಿ ಎನ್ನುತ್ತೇನೆ.

ನಮ್ಮ ಸಂಘ ಏನು ಮಾಡಬಹುದು? ವನಗೂರು, ಹೆತ್ತೂರು ಸುತ್ತಿನ ಮಾಜಿ ಸೈನಿಕರ ಮತ್ತು ಅವರ ವಿಧವೆಯರ ಪಟ್ಟಿ ಮಾಡೋಣ, ಯಾವ ಜಾತಿ, ಮತದವರಾದರೂ ಸರಿ. ಕಂಪ್ಯೂಟರ್ ಬಲ್ಲ ನಾಲ್ಕು ಹುಡುಗರು, ಹುಡುಗಿಯರು ತಿಂಗಳಿಗೊಂದು ಭಾನುವಾರ ಕುಳಿತು ಅರ್ಜಿ ತುಂಬಿಕೊಡಲಿ, ದಾಖಲೆಗಳನ್ನು ತಾಳೆ ನೋಡಲಿ. ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಅವರ ಜೊತೆ ಒಬ್ಬರು ಹೋಗಿಬರಲಿ. ಶಿಸ್ತು ಕಲಿತ ಮಾಜಿ ಸೈನಿಕರು ನಮ್ಮ ಮಕ್ಕಳಿಗೆ ದೈಹಿಕ ತರಬೇತಿ ಕೊಡಲಿ, ಸಂಘ ಅದಕ್ಕೆ ಗೌರವಧನ ಕೊಡಲಿ.

ದುಡಿದವನ ಹಕ್ಕನ್ನು ತಡಮಾಡದೆ ಕೊಡಬೇಕೆಂಬುದು ನಮ್ಮ ಧರ್ಮದ ಬೋಧನೆ. ಸರ್ಕಾರ ಕೊಡಬೇಕಾದುದನ್ನು ಅವರ ಕೈಗೆ ಮುಟ್ಟಿಸುವಷ್ಟಾದರೂ ನಾವು ಮಾಡೋಣ. ಅಲ್ಲಾಹನು ಅದಕ್ಕೆ ಶಕ್ತಿ ಕೊಡಲಿ. ಆಮೀನ್.